ಹಾಡದವನಿಗೆ ಸಂಗೀತ ಮಾಸ್ತರು ಕಲಿಸಿದ್ದೇನು?

ಹೋದ ತಿಂಗಳು ನಮ್ಮ ಹೈಸ್ಕೂಲಿನ ಸಂಗೀತ ಮಾಸ್ತರು ತೀರಿಕೊಂಡರು. ಗದಗಕ್ಕೆ ಹೋಗಿ ಎರಡು ದಿನ ಇದ್ದು ಬಂದೆ. ಹುಬ್ಬಳ್ಳಿಗೆ ಮರಳಿ ಆಫೀಸಿನಲ್ಲಿ ಕೂತರೆ ಮತ್ತೆ ಅದೇ ಪ್ರಶ್ನೆ. ಗೆಳೆಯರು, ನೆಂಟರು, ಮನೆಯವರು ಎಲ್ಲರೂ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ: "ನೀವು ಹಾಡೋದಿಲ್ಲ, ತಬಲಾ ಬಾರಿಸೋದಿಲ್ಲ. ಮತ್ತೆ ಆ ಸರ್ ನಿಮಗೆ ಕಲಿಸಿದ್ದಾದರೂ ಏನು?"

ತಂಬೂರಿ ಮೀಟೋದು ಕಲಿಸಿದರು. ಇದೇ ನನ್ನ ಉತ್ತರ. ಕೇಳಿದವರಿಗೆ ಇಷ್ಟು ಸಾಲುವುದಿಲ್ಲ. ನಾಲ್ಕು ತಂತಿ ಮೇಲೆ ಬೆರಳಾಡಿಸೋಕೆ ಮಾಸ್ತರು ಬೇಕಾ ಅನ್ನುತ್ತಾರೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ಸರ್ ಹಾವೇರಿ ಕಡೆಯವರು. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಸಣ್ಣವರಿದ್ದಾಗ ಅವರಪ್ಪ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ತಂದು ಬಿಟ್ಟಿದ್ದರು. ಪಂಚಾಕ್ಷರ ಗವಾಯಿಗಳು ಕಟ್ಟಿದ ಆಶ್ರಮ ಅದು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಹೋಗುವವರೆಗೂ ಅದನ್ನು ನಡೆಸಿದರು. ಗುರು, ಶಿಷ್ಯ ಇಬ್ಬರಿಗೂ ಕಣ್ಣಿರಲಿಲ್ಲ. ಆಶ್ರಮದ ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೂ ಕಟ್ಟಿ ಊರೂರು ತಿರುಗಿದವರು. ಅಲ್ಲಿ ಕಲಿತವರು ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಸಂಗೀತ ಮಾಸ್ತರಾದರು. ನಮ್ಮ ಸರ್ ಅವರಲ್ಲೊಬ್ಬರು.

ಶಾಲೆಯಲ್ಲಿ ಸಂಗೀತಕ್ಕೆ ವಾರಕ್ಕೆ ಎರಡೇ ಪಿರಿಯಡ್. ಪರೀಕ್ಷೆ ಹತ್ತಿರ ಬಂತೆಂದರೆ ಅವೂ ಗಣಿತಕ್ಕೆ ಹೋಗುತ್ತಿದ್ದವು. ಆ ಬೇಜಾರು ನನಗೆ ಇನ್ನೂ ಇದೆ. ಸರ್ ಮಾತ್ರ ಶಾಲೆ ಬಿಟ್ಟ ಮೇಲೆ ಕೋಣೆಯ ಬಾಗಿಲು ತೆಗೆದಿಟ್ಟುಕೊಂಡು ಕೂತಿರುತ್ತಿದ್ದರು. ಬಂದವರು ಬರಬಹುದು.

ಹಾಜರಿ ಕೂಗುವಾಗ "ಬಂದೀನ್ರೀ ಸರ್" ಅಂದರೆ ಸಾಕು, ಯಾರಿಗೆ ನೆಗಡಿ, ಯಾರು ಮಧ್ಯಾಹ್ನ ಉಂಡಿಲ್ಲ ಅನ್ನೋದು ಅವರಿಗೆ ತಿಳಿಯುತ್ತಿತ್ತು. ನಮ್ಮೆಲ್ಲರ ಮುಖ ಅವರಿಗೆ ನಮ್ಮ ದನಿಯಲ್ಲೇ ಇತ್ತು.

ಎಂಟನೇ ಕ್ಲಾಸಿನಲ್ಲಿ ಪ್ರಾರ್ಥನೆ ಹಾಡುವವರಲ್ಲಿ ನಾನೇ ಮೊದಲಿಗ. 1996ರಲ್ಲಿ, ಒಂಬತ್ತನೇ ಕ್ಲಾಸಿಗೆ ಬಂದಾಗ, ಒಂದು ಬೆಳಿಗ್ಗೆ ಮೇಲಿನ ಷಡ್ಜ ಹಿಡಿಯಲು ಹೋಗಿ ದನಿ ಒಡೆಯಿತು. ಇಡೀ ಶಾಲೆ ನಕ್ಕಿತು. ಅವತ್ತಿನಿಂದ ಸಂಗೀತದ ಕೋಣೆಯ ಕಡೆ ಹೋಗಲಿಲ್ಲ. ಎಲ್ಲರೂ ನಕ್ಕರಲ್ಲ ಅನ್ನೋ ನಾಚಿಕೆಗಿಂತ ಇನ್ನೊಂದು ಭಯ ಜಾಸ್ತಿ ಇತ್ತು. ಸರ್ ನನ್ನನ್ನು ಗುರುತಿಸುವುದು ದನಿಯಿಂದ. ಆ ದನಿಯೇ ಹೋಯಿತಲ್ಲ, ಇನ್ನು ನಾನು ಯಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಎರಡು ವಾರ ಆದ ಮೇಲೆ ತಡೆಯಲಾಗದೆ ಹೋಗಿ ಬಾಗಿಲಲ್ಲಿ ನಿಂತೆ. ಬಾಯಿ ಬಿಡಲಿಲ್ಲ.

"ಚಪ್ಪಲಿ ಎಳಕೋತ ಬರಾಂವ ನೀನ ಅಲ್ಲೇನು? ಒಳಗ ಬಾ. ಎಷ್ಟ ದಿನಾ ಆತು!"

ನಾನು ಅತ್ತೆ. ಸರ್ ಸಮಾಧಾನ ಮಾಡಲಿಲ್ಲ. ಕ್ಯಾಸೆಟ್ ಹಾಕಿದರು. ತೆಳ್ಳಗಿನ, ಏರು ದನಿಯ ಒಬ್ಬ ಹೆಣ್ಣುಮಗಳು ಹಾಡುತ್ತಿದ್ದಳು. ಯಾರು ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ಲ. ಸಣ್ಣವರಿದ್ದಾಗಿನ ಹಾಡು." ನಂಬಲಿಲ್ಲ. ನಾನು ರೇಡಿಯೋದಲ್ಲಿ ಕೇಳಿದ ಗಂಗೂಬಾಯಿಯವರದು ಗಂಡಸರಂಥ ದಪ್ಪ ದನಿ. ಟಾನ್ಸಿಲ್ ಚಿಕಿತ್ಸೆ ಆದ ಮೇಲೆ ಅವರ ದನಿ ಹಾಗಾಯಿತು ಅಂತ ಸರ್ ಹೇಳಿದರು. ಅದೇ ದನಿಯಲ್ಲೇ ದೇಶ ಗೆದ್ದರು. ಆಗಿನ್ನೂ ಅವರು ಹುಬ್ಬಳ್ಳಿಯಲ್ಲಿ ಇದ್ದರು. ಗದಗಿನಿಂದ ಬರೀ ಅರವತ್ತು ಕಿಲೋಮೀಟರಿನ ಆಚೆ.

"ದನಿ ಒಡೀತದ, ಮತ್ತ ಕೂಡತದ. ಅಲ್ಲಿತನಕ ಸುಮ್ನ ಕೂಡಬ್ಯಾಡ. ತಂಬೂರಿ ಹಿಡಿ."

ಮೊದಲ ದಿನ ಶ್ರುತಿ ಮಾಡೋದು. ಮೊದಲನೇ ತಂತಿ ಪಂಚಮ, ನಡುವಿನ ಎರಡು ಜೋಡಿ ಷಡ್ಜ, ಕೊನೆಯದು ಖರ್ಜ, ಅಂದರೆ ಕೆಳಗಿನ ಷಡ್ಜ. ಮಾಲಕೌಂಸ ಹಾಡುವುದಿದ್ದರೆ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು, ಆ ರಾಗದಲ್ಲಿ ಪಂಚಮವೇ ಇಲ್ಲ. ನನ್ನ ಶ್ರುತಿ ಸರಿ ಇತ್ತು. ಆದರೂ ತಂತಿ ಸತ್ತಂತೆ ನುಡಿಯುತ್ತಿತ್ತು. "ಜವಾರಿ ಬಂದಿಲ್ಲ" ಅಂದರು. ನಮ್ಮ ಮನೆಯಲ್ಲಿ ಜವಾರಿ ಅಂದರೆ ಬದನೆಕಾಯಿ, ಬೆಳ್ಳುಳ್ಳಿ, ಊರ ಕೋಳಿ. ತಂಬೂರಿಗೂ ಜವಾರಿ ಇರುತ್ತದೆ ಅಂತ ಅವತ್ತು ತಿಳಿಯಿತು.

ತಂತಿಗಳನ್ನು ಹೊತ್ತ ಪಟ್ಟಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ, ತಂತಿಯ ಕೆಳಗೆ, ಒಂದು ಎಳೆ ದಾರ ಇರುತ್ತದೆ. ಸರ್ ನನ್ನ ತೋರುಬೆರಳು ಹಿಡಿದು ಆ ದಾರದ ಮೇಲೆ ಇಟ್ಟರು. "ಸರಿಸು. ಕೂದಲೆಳಿಯಷ್ಟ." ಸರಿಸಿದೆ, ಏನೂ ಆಗಲಿಲ್ಲ. ಮತ್ತೆ ಸರಿಸಿದೆ, ಜಾಸ್ತಿ ಹೋಯಿತು. ಅವರ ಬೆರಳು ನನ್ನ ಬೆರಳ ಮೇಲೇ ಇತ್ತು. ಹಿಂದೆ ಮುಂದೆ ಎಷ್ಟು ಹೊತ್ತು ಮಾಡಿದೆವೋ ಏನೋ. ಒಂದು ಜಾಗದಲ್ಲಿ ತಂತಿ ಜುಂಯ್ ಅಂತ ಬಿಚ್ಚಿಕೊಂಡಿತು. ಒಂದು ಸ್ವರದ ಒಳಗಿಂದ ಇನ್ನೊಂದು, ಅದರ ಒಳಗಿಂದ ಮತ್ತೊಂದು. ನಾನು ಮೀಟದ ಗಾಂಧಾರವೂ ಅಲ್ಲಿ ಕೇಳುತ್ತಿತ್ತು. ಸರ್ ಮಾತಾಡಲಿಲ್ಲ, ಬೆರಳು ತೆಗೆದರು.

ಆಮೇಲೆ ಕಲಿಸಿದ್ದು ಅದಕ್ಕಿಂತ ಕಷ್ಟದ್ದು. ಹೊಸಬರ ಕೈ ತನಗೆ ಗೊತ್ತಿಲ್ಲದೇ ತಬಲಾದ ಹಿಂದೆ ಓಡುತ್ತದೆ. ದ್ರುತ್, ಅಂದರೆ ವೇಗದ ಲಯ, ಬಂತೆಂದರೆ ತಂಬೂರಿಯೂ ಜೋರಾಗುತ್ತದೆ. "ಅಂವ ಎಲ್ಲಿಗಾದ್ರೂ ಹೋಗ್ಲಿ. ಹಾಡಾಂವಾ ಎಲ್ಲಿಗಾದ್ರೂ ಹೋಗ್ಲಿ. ನೀ ಹೋಗಬ್ಯಾಡ. ಅವರು ತಿರುಗಿ ಬಂದಾಗ ನೀ ಅಲ್ಲೇ ಇರಬೇಕು." ಇದು ಕೈಗೆ ಬರಲು ನನಗೆ ಒಂದು ವರ್ಷ ಹಿಡಿಯಿತು.

ಅಷ್ಟರಲ್ಲಿ ದನಿಯೂ ಕೂಡಿತು. ಸರ್ ಹಾಡಲು ಕರೆದರು. ನನಗೆ ತಂಬೂರಿ ಬಿಡುವ ಮನಸ್ಸಾಗಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಈಗಲೂ ಹುಬ್ಬಳ್ಳಿ, ಧಾರವಾಡದಲ್ಲಿ ಸಣ್ಣ ಬೈಠಕ್ ಇದ್ದರೆ ಹಾಡುವವರ ಹಿಂದೆ ಕೂರಲು ಯಾರಾದರೂ ನನ್ನನ್ನು ಕರೆಯುತ್ತಾರೆ. ಮೊಬೈಲಿನಲ್ಲೇ ತಂಬೂರಿ ಬರುತ್ತಲ್ಲ, ನೀವ್ಯಾಕೆ ಅಂತ ಕೆಲವರು ಕೇಳುತ್ತಾರೆ. ರಿಯಾಜಿಗೆ ಅದು ಒಳ್ಳೆಯದೇ. ಆದರೆ ಹಾಡುಗಾರ ದಣಿದಾಗ, ಸ್ವರ ಒಂದಿಷ್ಟು ಜಾರಿದಾಗ, ಬೆನ್ನ ಹಿಂದೆ ಒಬ್ಬ ಮನುಷ್ಯ ಕೇಳಿಸಿಕೊಳ್ಳುತ್ತಾ ಕೂತಿರಬೇಕು ಅಂತಲೇ ನಾನು ನಂಬಿದ್ದೇನೆ.

ಸರ್ ಹೋದ ರಾತ್ರಿ ಅವರ ಮನೆಯ ಪಡಸಾಲೆಯಲ್ಲಿ ಭಜನೆ ಇತ್ತು. ಮೂಲೆಯಲ್ಲಿ ಅವರ ತಂಬೂರಿ, ಮೇಲೆ ಹಳೇ ಧೋತರದ ಮುಸುಕು. "ತಗೀಪಾ, ನೀನ ಹಿಡಿ" ಅಂದರು ಅಮ್ಮಾರು. ಮುಸುಕು ತೆಗೆದು ಮೀಟಿದೆ. ಸರ್ ಹಾಡುತ್ತಿದ್ದ ಕರಿ ಒಂದರಲ್ಲೇ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿಯಲ್ಲೇ ಇತ್ತು, ಜವಾರಿ ಕೂಡ ಕೆಟ್ಟಿರಲಿಲ್ಲ. ಭಜನೆಯವರು ಕರಿ ಎರಡರಲ್ಲಿ ಶುರು ಮಾಡಿಯಾಗಿತ್ತು. ಏರಿಸಬೇಕು ಅಂತ ಬಿರಡೆಗೆ ಕೈ ಹಾಕಿದೆ, ತಿರುವಲು ಆಗಲಿಲ್ಲ. ಹಾರ್ಮೋನಿಯಂ ಹಿಡಿದಿದ್ದ ಹಿರಿಯರು ನನ್ನ ಕಡೆ ನೋಡಿ ಹಾಡು ನಿಲ್ಲಿಸಿದರು.

"ಇರಲಿ ಬಿಡು ತಮ್ಮಾ. ನಾವ ಇಳೀತೀವಿ."

ಬೆಳಗಿನವರೆಗೆ ಕರಿ ಒಂದರಲ್ಲೇ ಹಾಡಿದರು.