ಫ್ಯಾನು, ನಾಲ್ಕು ಫಿಲ್ಟರು, ಅಮ್ಮನ ಊದುಬತ್ತಿ

2020ರ ಸೆಪ್ಟೆಂಬರ್ 9. ಬೆಳಗ್ಗೆ ಎಂಟೂವರೆಗೆ ಅಮ್ಮ ಬಂದು ಎಬ್ಬಿಸಿದಳು. "ಗಡಿಯಾರ ಕೆಟ್ಟಿದೆಯೇನೇ? ಬೆಳಕೇ ಹರಿದಿಲ್ಲ."

ಗಡಿಯಾರ ಸರಿಯಾಗೇ ಇತ್ತು. ಕಿಟಕಿಯಾಚೆ ಆಕಾಶ ಆರತಿಗೆ ಕದಡಿದ ಅರಿಶಿನ ಸುಣ್ಣದ ನೀರಿನ ಬಣ್ಣದಲ್ಲಿತ್ತು. ಬೀದಿ ದೀಪಗಳು ಇನ್ನೂ ಆರಿರಲಿಲ್ಲ. ಬಾಲ್ಕನಿಯ ಕರಿಬೇವಿನ ಎಲೆಗಳ ಮೇಲೆ ತೆಳ್ಳಗೆ ಬೂದಿ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಆಗಲೇ ಆರು ವರ್ಷದಿಂದ ಇದ್ದೆವು, ಇಂಥದ್ದನ್ನು ನೋಡಿರಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಮಳೆಯಿಲ್ಲದೆ ಬರೀ ಸಿಡಿಲು ಬಡಿದು ಸುತ್ತಲಿನ ಬೆಟ್ಟಗಳಿಗೆ ಬೆಂಕಿ ಹತ್ತಿತ್ತು. ಆಗಿನಿಂದ ಹೊಗೆ ಬರುತ್ತಾ ಹೋಗುತ್ತಾ ಇತ್ತು. ಅಮ್ಮ ನನ್ನ ಬಾಣಂತನಕ್ಕೆಂದು ಜನವರಿಯಲ್ಲಿ ತೀರ್ಥಹಳ್ಳಿಯಿಂದ ಬಂದವಳು, ಕೊರೋನಾದಿಂದ ವಿಮಾನ ರದ್ದಾಗಿ ಇಲ್ಲೇ ಉಳಿದಿದ್ದಳು. ಮಗಳಿಗೆ ಏಳು ತಿಂಗಳು. ನಮಗಾದರೆ ಎನ್95 ಮಾಸ್ಕ್ ಇತ್ತು, ಅಷ್ಟು ಚಿಕ್ಕ ಮಗುವಿಗೆ ಮಾಸ್ಕ್ ಹಾಕುವಂತಿಲ್ಲ.

ವಿಚಿತ್ರ ಏನೆಂದರೆ, ಅಷ್ಟು ಭಯ ಹುಟ್ಟಿಸಿದ ಆ ದಿನ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಹೊಗೆಯೆಲ್ಲ ಮೇಲೆ ತೇಲುತ್ತಿತ್ತು, ಸಮುದ್ರದಿಂದ ಬಂದ ತಂಪು ಮಂಜಿನ ಪದರ ಅದನ್ನು ಕೆಳಗೆ ಇಳಿಯಲು ಬಿಟ್ಟಿರಲಿಲ್ಲ. ಎರಡು ದಿನ ಕಳೆದು ಆಕಾಶ ಸುಮ್ನೆ ಬೂದು ಬಣ್ಣಕ್ಕೆ ತಿರುಗಿದಾಗ, "ಸದ್ಯ, ಸರಿಹೋಯ್ತು" ಅಂದುಕೊಂಡೆವು. ಹೊಗೆ ಕೆಳಗೆ ಇಳಿದದ್ದೇ ಆಗ. ಕಿಟಕಿಗಳನ್ನೆಲ್ಲ ಮುಚ್ಚಿದ್ದರೂ ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಅಳೆಯುವ ನನ್ನ ಪುಟ್ಟ ಪಿಎಂ 2.5 ಮೀಟರು ಮನೆಯ ಹಾಲ್‌ನಲ್ಲೇ 90 ತೋರಿಸಿತು. ಅಂಕೆ ಹೆಚ್ಚಿದಷ್ಟೂ ಗಾಳಿ ಕೆಟ್ಟದ್ದು. ಇಲ್ಲಿನ ಎಷ್ಟೋ ಹಳೇ ಅಪಾರ್ಟ್‌ಮೆಂಟುಗಳಿಗೆ ಎಸಿ ಇರುವುದಿಲ್ಲ, ಕಿಟಕಿ ಸಂದಿಗಳು ಧಾರಾಳ.

ಅಂಗಡಿಗಳಲ್ಲಿ ಏರ್ ಪ್ಯೂರಿಫೈಯರ್ ಒಂದೂ ಸಿಗಲಿಲ್ಲ. ಆದರೆ ನಮ್ಮಲ್ಲಿ 20 ಇಂಚಿನ ಚೌಕಾಕಾರದ ಬಾಕ್ಸ್ ಫ್ಯಾನ್ ಇತ್ತು. ಮನೆ ಬೆಚ್ಚಗಿಡುವ ಫರ್ನೇಸಿಗೆ ಹಾಕುವ ಫಿಲ್ಟರೂ ಅದೇ ಅಳತೆಯಲ್ಲಿ ಸಿಗುತ್ತದೆ. ಅದರಲ್ಲಿ ಮರ್ವ್ 13 ಅನ್ನುವ ದರ್ಜೆಯದ್ದು ಹೊಗೆಯ ಸಣ್ಣ ಕಣಗಳನ್ನೂ ಹಿಡಿಯುತ್ತದೆ. ನಾನು ಅದನ್ನು ಜರಡಿ ಅಂದುಕೊಂಡಿದ್ದೆ. ಜರಡಿಯಲ್ಲ. ಅದರ ಎಳೆಗಳಲ್ಲಿ ವಿದ್ಯುತ್ತಿನ ಸೆಳೆತ ಇರುತ್ತದೆ, ಪಕ್ಕದಲ್ಲಿ ಹಾದುಹೋಗುವ ಕಣ ಅಂಟಿಕೊಳ್ಳುತ್ತದೆ. ಸ್ವೆಟರಿಗೆ ಕೂದಲು ಅಂಟಿಕೊಳ್ಳುವ ಹಾಗೆ.

ಮೊದಲು ಒಂದೇ ಫಿಲ್ಟರನ್ನು ಫ್ಯಾನಿನ ಹಿಂದೆ ಡಕ್ಟ್ ಟೇಪಿನಲ್ಲಿ ಅಂಟಿಸಿದೆ. ಫಿಲ್ಟರಿನ ಅಂಚಿನಲ್ಲಿ ಒಂದು ಬಾಣದ ಗುರುತು ಇರುತ್ತದೆ, ಅದು ಫ್ಯಾನಿನ ಕಡೆಗೇ ಮುಖ ಮಾಡಿರಬೇಕು. ಸ್ವಿಚ್ ಹಾಕಿದರೆ ಫ್ಯಾನು ಏದುಸಿರು ಬಿಡತೊಡಗಿತು. ಗಾಳಿ ಬರುವುದು ನಿಂತೇ ಹೋದಂತೆ. ಒಂದು ಗಂಟೆಗೆ 90 ಇದ್ದದ್ದು 55ಕ್ಕೆ ಬಂದು ಅಲ್ಲೇ ಕೂತಿತು.

ರಿಚರ್ಡ್ ಕೋರ್ಸಿ ಎಂಬ ಪ್ರೊಫೆಸರು, ಒಂದರ ಬದಲು ನಾಲ್ಕೈದು ಫಿಲ್ಟರನ್ನು ಪೆಟ್ಟಿಗೆಯ ಗೋಡೆಯಂತೆ ನಿಲ್ಲಿಸಿ ಎಂದು ಆಗಸ್ಟಿನಲ್ಲೇ ಸಲಹೆ ಕೊಟ್ಟಿದ್ದರಂತೆ. ಅವರದ್ದು ಕೊರೋನಾ ವೈರಸ್ಸಿನ ಚಿಂತೆ. ಟೆಕ್ಸಾಸಿನಲ್ಲಿ ಫಿಲ್ಟರ್ ತಯಾರಿಸುವ ಜಿಮ್ ರೋಸೆಂಥಾಲ್ ಅದನ್ನು ಕಟ್ಟಿಯೂ ಆಗಿತ್ತು. ಫಿಲ್ಟರು ಜಾಸ್ತಿಯಾದಷ್ಟೂ ಗಾಳಿಗೆ ಒಳಬರುವ ಜಾಗ ಜಾಸ್ತಿ, ಫ್ಯಾನಿಗೆ ಒತ್ತಡ ಕಡಿಮೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಅಲ್ವಾ? ಕಾಲೇಜಿನಲ್ಲಿ ಓದಿದ್ದು ಮೆಕ್ಯಾನಿಕಲ್.

ನನ್ನ ಗಂಡ ಊರೆಲ್ಲ ಸುತ್ತಿ ಇನ್ನೂ ಮೂರು ಫಿಲ್ಟರ್ ತಂದರು. ಹಾಲಿನಲ್ಲಿ ಚಾಪೆ ಹಾಸಿ ಕೂತೆವು. ನಾಲ್ಕು ಫಿಲ್ಟರು ನಾಲ್ಕು ಗೋಡೆ, ಬಾಣಗಳೆಲ್ಲ ಒಳಮುಖ. ತಳಕ್ಕೆ ರಟ್ಟು. ಮೇಲೆ ಫ್ಯಾನು, ಆಕಾಶ ನೋಡುವಂತೆ. ಡಕ್ಟ್ ಟೇಪನ್ನು ಪರ್ ಅಂತ ಎಳೆದಾಗಲೆಲ್ಲ ಮಗಳು ಕೇಕೆ ಹಾಕಿ ನಗುತ್ತಿದ್ದಳು. ಒಂದು ತಿಂಗಳಲ್ಲಿ ಮನೆಯಲ್ಲಿ ಅಷ್ಟು ನಗು ಕೇಳಿರಲಿಲ್ಲ, ಇಡೀ ರೋಲು ಖಾಲಿ ಮಾಡಿದೆವು.

"ಎಂತದೇ ಇದು, ಕೋಳಿಗೂಡಾ?" ಅಂದಳು ಅಮ್ಮ.

ಫ್ಯಾನು ಈ ಸಲ ಹಗುರಾಗಿ ತಿರುಗಿತು. ಆದರೆ ಅಂಕೆ ನನ್ನ ಲೆಕ್ಕದಷ್ಟು ಇಳಿಯಲಿಲ್ಲ. ಟೇಪು ಎಲ್ಲೋ ಬಿಟ್ಟಿರಬೇಕು ಎಂದು ಅಂಚುಗಳನ್ನು ತಡವುತ್ತಿದ್ದೆ. ಅಮ್ಮ ದೇವರ ಮುಂದಿನ ಊದುಬತ್ತಿ ಹಿಡಿದುಕೊಂಡು ಬಂದಳು. ಹೊಗೆ ಓಡಿಸುವ ಯಂತ್ರಕ್ಕೆ ಹೊಗೆಯಿಂದಲೇ ಪೂಜೆಯಾ ಅಂತ ಬೈಯಬೇಕೆಂದಿದ್ದೆ. ಅವಳು ಕಡ್ಡಿಯನ್ನು ಫ್ಯಾನಿನ ಮೇಲೆ ನಿಧಾನಕ್ಕೆ ಆಡಿಸಿದಳು. ನಡುವೆ ಹೊಗೆ ಮೇಲಕ್ಕೆ ಚಿಮ್ಮಿತು. ಮೂಲೆಗೆ ತಂದಾಗ ಅದೇ ಎಳೆ ಬಗ್ಗಿ, ಸರ್ರನೆ ಕೆಳಗೆ ಪೆಟ್ಟಿಗೆಯೊಳಗೆ ನುಗ್ಗಿತು. ನಾಲ್ಕೂ ಮೂಲೆಯಲ್ಲಿ ಹಾಗೇ.

"ಬಚ್ಚಲ ಒಲೆ ಬಾಯಿ ದೊಡ್ಡದಾದ್ರೆ ಹೊಗೆ ತಿರುಗಿ ಮುಖಕ್ಕೇ ಬರತ್ತೆ. ಬಾಯಿ ಸಣ್ಣ ಮಾಡು ಮಾರಾಯ್ತಿ."

ಫ್ಯಾನು ಚೌಕ, ರೆಕ್ಕೆ ತಿರುಗುವುದು ವೃತ್ತದಲ್ಲಿ. ರೆಕ್ಕೆ ಮುಟ್ಟದ ಮೂಲೆಗಳಿಂದ ಫಿಲ್ಟರನ್ನು ದಾಟದ ಗಾಳಿ ಒಳಗೆ ಜಾರುತ್ತಿತ್ತು. ಡೈಪರ್ ಬಂದ ರಟ್ಟಿನ ಡಬ್ಬ ಕತ್ತರಿಸಿ, ನಡುವೆ ಸ್ಟೀಲ್ ತಟ್ಟೆಗಿಂತ ಅಗಲದ ಗುಂಡು ತೂತು ಮಾಡಿ ಫ್ಯಾನಿನ ಮೇಲೆ ಅಂಟಿಸಿದೆ. ಮತ್ತೆ ಊದುಬತ್ತಿ ಆಡಿಸಿದರೆ ಮೂಲೆಯಲ್ಲಿ ಹೊಗೆ ಕೆಳಗಿಳಿಯಲಿಲ್ಲ. ಕಡ್ಡಿ ಆರಿಸಿ ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಮೀಟರಿನಲ್ಲಿ 14.

ಹತ್ತು ದಿನ ಅದು ಮಗುವಿನ ತೊಟ್ಟಿಲ ಪಕ್ಕ ಹಗಲೂ ರಾತ್ರಿ ಓಡಿತು. ಸದ್ದು ಜೋರು, ಫೋನಿನಲ್ಲಿ ಮಾತಾಡಲು ಬಾತ್‌ರೂಮಿಗೆ ಹೋಗಬೇಕಿತ್ತು. ರಾತ್ರಿ ಅಮ್ಮ "ಪಾಪ, ಅದಕ್ಕೂ ಬಿಸಿಯಾಗಿದೆ" ಅಂತ ಪ್ಲಗ್ ಕಿತ್ತುಬಿಡುತ್ತಿದ್ದಳು, ನಾನು ಎದ್ದು ಮತ್ತೆ ಹಾಕುತ್ತಿದ್ದೆ.

ಟೇಪು ಬಿಚ್ಚಿದಾಗ ಬಿಳೀ ಫಿಲ್ಟರುಗಳು ಹೊರಮೈಯಲ್ಲಿ ಅಟ್ಟದ ಜೇಡರ ಬಲೆಯ ಬಣ್ಣಕ್ಕೆ ತಿರುಗಿದ್ದವು. ಮೂಸಿದರೆ ಸುಟ್ಟ ಸೌದೆ ವಾಸನೆ. ಹೊಸದು ತರುವುದರೊಳಗೆ ಅಮ್ಮ ಒಂದನ್ನು ಸ್ನಾನದ ತೊಟ್ಟಿಯಲ್ಲಿ ಸೋಪು ಹಾಕಿ ತೊಳೆದು ಇಟ್ಟಿದ್ದಳು. "ನೋಡು, ಇನ್ನೊಂದು ವರ್ಷ ಬರತ್ತೆ." ಸೋಪು ನೀರು ಬಿದ್ದರೆ ಅದರ ಸೆಳೆತ ಹೋಗುತ್ತದೆ, ಇನ್ನು ಅದು ಬರೀ ಬಟ್ಟೆ ಎಂದು ಹೇಳಿ ನೋಡಿದೆ. ಕೇಳಲಿಲ್ಲ. ಕೊನೆಗೆ ಅದನ್ನು ಬಾಲ್ಕನಿಯಲ್ಲಿ ಕರಿಬೇವಿನ ಕುಂಡಕ್ಕೆ ಗಾಳಿ ಮರೆಯಾಗಿ ನಿಲ್ಲಿಸಿದಳು. ಆ ಚಳಿಗಾಲ ಗಿಡ ಒಣಗಲಿಲ್ಲ.