25 ಮೇ 2025, ಭಾನುವಾರ: ಹಿಂದಿನ ಗಾಲಿ

ರಾತ್ರಿ ಹತ್ತೂವರೆ. ಬಲಗೈ ಅಂಗೈಲಿ ಬೊಬ್ಬೆ ಎದ್ದಿದೆ. ಪೆನ್ನು ಹಿಡಿಯಲು ಆಗುತ್ತಿಲ್ಲ, ಅದಕ್ಕೇ ಮೊಬೈಲಿನಲ್ಲಿ ಬರೆಯುತ್ತಿದ್ದೇನೆ. ಹೊರಗೆ ಮಳೆ ಶುರುವಾಗಿದೆ. ಕೇರಳಕ್ಕೆ ನಿನ್ನೆಯೇ ಮುಂಗಾರು ಬಂತಂತೆ. ಪ್ರತಿ ವರ್ಷ ಜೂನ್ 1ರ ಲೆಕ್ಕ, ಈ ಸಲ ಒಂದು ವಾರ ಮೊದಲೇ.

ಮಳೆ ಹಿಡಿಯುವುದರೊಳಗೆ ಟೈರ್ ಬದಲಾಯಿಸಿಬಿಡಬೇಕು ಅಂತ ಬೆಳಗ್ಗೆ ಕೂತಿದ್ದು. ಸ್ಪ್ಲೆಂಡರಿನ ಹಿಂದಿನ ಟೈರ್ ನಡುವೆ ಪೂರ್ತಿ ಸವೆದಿತ್ತು. ಕಾನೂನಿನ ಪ್ರಕಾರ ದ್ವಿಚಕ್ರದ ಟೈರಿಗೆ 0.8 ಮಿ.ಮೀ. ಗ್ರಿಪ್ ಉಳಿದಿದ್ದರೂ ಸಾಕು. ಆದರೆ ಆಗುಂಬೆ ಮಳೆಯಲ್ಲಿ, ಪಾಚಿ ಕಟ್ಟಿದ ರಸ್ತೆಯಲ್ಲಿ ಅಷ್ಟನ್ನು ನಂಬಿಕೊಂಡು ಹೋಗಲು ನನಗೆ ಧೈರ್ಯ ಇಲ್ಲ.

ಹೊಸ ಟೈರು, ಹೊಸ ಟ್ಯೂಬು, ಟೈರಿನ ಅಂಚು ಎಬ್ಬಿಸಲು ಅಪ್ಪನ ಕಾಲದ ಎರಡು ಲಿವರು, ಒಂದು ಮಗ್ ಸೋಪಿನ ನೀರು. ಹನ್ನೊಂದು ಗಂಟೆಗೆ ಮುಗಿದಿತ್ತು. ಗಾಳಿ ಹಾಕಿ, ಚೈನ್ ಸರಿ ಮಾಡಿ, ಬ್ರೇಕ್ ನೋಡಿ, ತೆಂಗಿನ ಮರದ ಹತ್ತಿರ ನಿಲ್ಲಿಸಿದೆ. ತುಂಬಾ ಖುಷಿಯಾಗಿತ್ತು.

ಊಟ ಮುಗಿಸಿ ಹೊರಗೆ ಬಂದರೆ ಗಾಡಿ ಹಿಂದಕ್ಕೆ ಕುಸಿದು ನಿಂತಿದೆ. ಗಾಳಿ ಒಂಚೂರೂ ಇಲ್ಲ.

ನಾಲ್ಕು ಗಂಟೆಗೆ ಮಗಳನ್ನು ಕೂರಿಸಿಕೊಂಡು ಸೋಮೇಶ್ವರಕ್ಕೆ ಹೊರಡುವುದಿತ್ತು, ಅಜ್ಜಿ ಮನೆಗೆ. ಸ್ಕೂಲು ಶುರುವಾಗುವ ಮೊದಲು ಎರಡು ದಿನ ಇದ್ದು ಬರುತ್ತೇನೆ ಅಂತ ಅವಳು ಬ್ಯಾಗ್ ತುಂಬಿ ಬಾಗಿಲಲ್ಲೇ ಇಟ್ಟಿದ್ದಳು. ಆಗುಂಬೆ ಘಾಟಿಯಲ್ಲಿ 14 ತಿರುವು. ಟ್ಯೂಬ್‌ಲೆಸ್ ಆದರೆ ಮೊಳೆ ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ. ಟ್ಯೂಬ್ ಸೀಳಿದರೆ ಹಾಗಲ್ಲ. ಒಂದೇ ಸಲಕ್ಕೆ ಖಾಲಿಯಾಗಿ ಹಿಂದಿನ ಗಾಲಿ ಆ ಕಡೆ ಈ ಕಡೆ ಓಲಾಡಲು ಶುರುವಾಗುತ್ತದೆ. ಆ ತಿರುವುಗಳಲ್ಲಿ ಎದುರಿಗೆ ಬಸ್ಸು ಬರುತ್ತಿರುತ್ತದೆ, ಒಂದು ಪಕ್ಕ ಕಣಿವೆ. ಗಾಡಿ ಮುಂದೆ ನಿಂತುಕೊಂಡೇ ನನಗೆ ಕೈ ಬೆವರಿತು.

ಹೆಂಡತಿ ಬಂದು ನೋಡಿದಳು. "ನೂರೈವತ್ತು ಕೂಲಿ ಉಳಿಸೋಕೆ ಹೋಗಿ" ಅಂದಳು, ಅಷ್ಟೇ. ಮಾತು ಮುಂದುವರಿಸಲಿಲ್ಲ.

ನಾನು ದುಡ್ಡು ಉಳಿಸಲು ಶುರು ಮಾಡಿದ್ದಲ್ಲ. ಎರಡು ವರ್ಷದ ಹಿಂದೆ ಶಿವಮೊಗ್ಗದ ಒಂದು ದೊಡ್ಡ ಅಂಗಡಿಯಲ್ಲಿ ಟೈರ್ ಹಾಕಿಸಿದ್ದೆ. ಎಸಿ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟರು. ಮೂರು ತಿಂಗಳಾದ ಮೇಲೆ ಗಾಡಿ ತೊಳೆಯುವಾಗ ನೋಡಿದರೆ ಟೈರಿನ ಪಕ್ಕದಲ್ಲಿರುವ ಬಾಣದ ಗುರುತು ಹಿಮ್ಮುಖ. ಗಾಲಿ ತಿರುಗುವ ದಿಕ್ಕಿಗೆ ಇರಬೇಕು ಅದು. ಗ್ರಿಪ್ ನೀರನ್ನು ಹೊರಗೆ ತಳ್ಳುವುದು ಆ ದಿಕ್ಕಿನಲ್ಲಿ ತಿರುಗಿದರೆ ಮಾತ್ರ ಸರಿಯಾಗಿ. ಮೂರು ತಿಂಗಳು, ಅದೂ ಮಳೆಗಾಲ. ಅವತ್ತು ತೀರ್ಮಾನ ಮಾಡಿದೆ, ನನ್ನ ಗಾಡಿ ನಾನೇ ಮುಟ್ಟಬೇಕು ಅಂತ. ಎಷ್ಟು ಉಳಿಯಿತು ಅಂತ ಕೇಳುವವರಿಗೆ ಇದು ಅರ್ಥ ಆಗಲ್ಲ.

ಗಾಲಿ ಮತ್ತೆ ಬಿಚ್ಚಿದೆ. ಸ್ಪ್ಲೆಂಡರಿನಲ್ಲಿ ಇದೊಂದು ಒಳ್ಳೆಯದು, ಚೈನ್ ಕಳಚಬೇಕಾಗಿಲ್ಲ. ಆಕ್ಸಲ್ ಎಳೆದರೆ ಚೈನ್ ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಅಲ್ಲೇ ಉಳಿಯುತ್ತದೆ, ಗಾಲಿ ಮಾತ್ರ ಕೈಗೆ ಬರುತ್ತದೆ. ಆಟೋದಲ್ಲಿ ಹಾಕಿಕೊಂಡು ಪಂಕ್ಚರ್ ಹಾಕುವ ಕಾಕಾ ಅಂಗಡಿಗೆ ಹೋದೆ. ಭಾನುವಾರವೂ ತೆಗೆದಿತ್ತು.

ಕಾಕಾ ಟೈರು ನೋಡಿದರು, ನನ್ನ ಮುಖ ನೋಡಿದರು.

"ಯಾರು ಹಾಕಿದ್ದು ಮೇಷ್ಟ್ರೇ?"

"ನಾನೇ ಕಾಕಾ."

ನಗಲಿಲ್ಲ. ಎರಡೇ ನಿಮಿಷದಲ್ಲಿ ಟ್ಯೂಬ್ ಹೊರಗೆ ತೆಗೆದು, ಗಾಳಿ ತುಂಬಿ, ಅರ್ಧ ಕತ್ತರಿಸಿದ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ತಿರುಗಿಸಿದರು. ಒಂದು ಕಡೆ ಗುಳುಗುಳು ಅಂತ ಬಂತು. ಅಕ್ಕಿಕಾಳಿನಷ್ಟುದ್ದದ ಸೀಳು. ಅಲ್ಲಿಗೆ ನಿಲ್ಲಿಸುತ್ತಾರೆ ಅಂದುಕೊಂಡೆ, ನಿಲ್ಲಿಸಲಿಲ್ಲ. ಪೂರ್ತಿ ಒಂದು ಸುತ್ತು ತಿರುಗಿಸಿದರು. ಇನ್ನೊಂದು ಕಡೆ, ಒಂದಾದ ಮೇಲೊಂದು, ಸಾಸಿವೆ ಗಾತ್ರದ ಗುಳ್ಳೆಗಳು.

"ಆ ಸೀಳು ನಿಮ್ಮ ಲಿವರಿಂದ. ಇದು ನಿಮ್ಮದಲ್ಲ. ನೋಡಿ, ರಸ್ತೆ ಕಡೆ ಅಲ್ಲ, ರಿಮ್ ಕಡೆ ಇದೆ. ಒಳಗಿಂದ ಏನೋ ಚುಚ್ಚಿದೆ."

ಆಮೇಲೆ ಟ್ಯೂಬ್ ಪಕ್ಕಕ್ಕಿಟ್ಟು ರಿಮ್ಮಿನ ಒಳಗೆ ಹೆಬ್ಬೆರಳು ಇಟ್ಟರು. ಕಣ್ಣು ರಸ್ತೆ ಕಡೆ ಇತ್ತು. ಬೆರಳು ಮಾತ್ರ ನಿಧಾನಕ್ಕೆ ಸುತ್ತು ಹೋಗುತ್ತಿತ್ತು. ಉಗುರು ಪೂರ್ತಿ ಕಪ್ಪು, ತುದಿಯ ಚರ್ಮ ದಪ್ಪ ರಬ್ಬರಿನ ಹಾಗೆ. ಒಂದು ಕಡೆ ನಿಂತಿತು. ನನ್ನ ಬೆರಳು ಹಿಡಿದು ಅದೇ ಜಾಗಕ್ಕೆ ಒತ್ತಿದರು. ರಿಮ್ಮಿನ ನಡುವೆ ಸುತ್ತಿರುವ ರಬ್ಬರ್ ಪಟ್ಟಿ ಅಲ್ಲಿ ಸರಿದಿತ್ತು. ಅದರ ಪಕ್ಕದಲ್ಲಿ ಗಾಲಿಯ ಕಡ್ಡಿಯ (ಸ್ಪೋಕ್) ತುದಿ, ಚೂಪಾಗಿ, ಕೂದಲೆಳೆಯಷ್ಟು ಮೇಲೆ ಬಂದಿತ್ತು.

ಬೆಳಗ್ಗೆ ನಾನು ಆ ಪಟ್ಟಿ ನೋಡಿದ್ದೆ. ಇದೆ ಅಂತ ನೋಡಿದ್ದೆ. ಮುಟ್ಟಿ ನೋಡಿರಲಿಲ್ಲ.

"ಹಿಂದೆ ಯಾರು ಕೂರೋದು?" ಕೇಳಿದರು.

"ಮಗಳು. ಈ ವರ್ಷ ಒಂಬತ್ತನೇ ಕ್ಲಾಸು."

ಪ್ಯಾಚ್ ಹಾಕಲು ತೆಗೆದಿದ್ದ ಸೊಲ್ಯೂಷನ್ ಡಬ್ಬಿಯ ಮುಚ್ಚಳ ಹಾಕಿಬಿಟ್ಟರು. "ಹಾಗಾದರೆ ಇದು ಬೇಡ. ಬೇರೆ ಟ್ಯೂಬ್ ಹಾಕೋಣ."

ಅರ ತಗೊಂಡು ಕಡ್ಡಿಯ ತುದಿ ಉಜ್ಜಿದರು. ಹಳೇ ಟ್ಯೂಬಿನಿಂದ ಒಂದು ಉದ್ದ ಪಟ್ಟಿ ಕತ್ತರಿಸಿ ರಿಮ್ಮಿಗೆ ಸುತ್ತಿದರು. ಮತ್ತೆ ಹೆಬ್ಬೆರಳಿನ ಒಂದು ಸುತ್ತು. ಹೊಸ ಟ್ಯೂಬಿಗೆ ಪೌಡರ್ ಹಚ್ಚಿ, ಅದು ದುಂಡಗೆ ನಿಲ್ಲುವಷ್ಟು ಗಾಳಿ ಹಾಕಿ ಒಳಗೆ ಕೂರಿಸಿದರು. ಆಮೇಲೆ ಲಿವರನ್ನು ನನ್ನ ಕೈಗೆ ಕೊಟ್ಟರು.

"ಈಗ ನೀವು ಹಾಕಿ."

ನಾನು ಬೆಳಗ್ಗೆ ಮಾಡಿದ ಹಾಗೇ ವಾಲ್ವ್ ಹತ್ತಿರದಿಂದ ಶುರು ಮಾಡಿದೆ. ಕೈ ಹಿಡಿದರು.

"ತಪ್ಪಾಗೋದು ಇಲ್ಲೇ. ಎದುರುಗಡೆಯಿಂದ ಶುರು ಮಾಡಿ, ಕೊನೆಗೆ ವಾಲ್ವ್ ಹತ್ರ ಬನ್ನಿ. ಮುಗಿಸುವಾಗ ವಾಲ್ವನ್ನ ಒಳಗೆ ಒತ್ತಿದ್ರೆ ಟ್ಯೂಬ್ ಮೇಲಕ್ಕೆ ಹೋಗುತ್ತೆ, ಲಿವರಿಗೆ ಸಿಕ್ಕಲ್ಲ."

ಎದುರುಗಡೆಯಿಂದ ಶುರು ಮಾಡಿದೆ. ಮುಕ್ಕಾಲು ಭಾಗ ಸಲೀಸಾಗಿ ಹೋಯಿತು. ಕೊನೆಯ ಒಂದು ಗೇಣು ಕಲ್ಲಿನ ಹಾಗೆ ಗಟ್ಟಿ. ಬೆಳಗ್ಗೆಯೂ ಹೀಗೇ ಆಗಿತ್ತು, ಬಲ ಹಾಕಿ ಎಳೆದಿದ್ದೆ, ಬೊಬ್ಬೆ ಬಂದಿದ್ದು ಆಗಲೇ. ಈಗಲೂ ಎಳೆಯಲು ಹೋದೆ.

"ಬಲ ಬೇಡ. ಮೊಣಕಾಲು ಎಲ್ಲಿ?"

ನನಗೆ ಅರ್ಥ ಆಗಲಿಲ್ಲ. ಅವರೇ ಬಂದು ಆಚೆ ಬದಿಯಲ್ಲಿ ಟೈರಿನ ಮೇಲೆ ಎರಡೂ ಮೊಣಕಾಲು ಊರಿದರು. ಟೈರಿನ ಅಂಚು ಅಲ್ಲಿ ಜಾರಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಯಿತು. ಅಂಚಿನೊಳಗೆ ಇರುವುದು ಉಕ್ಕಿನ ತಂತಿ, ಅದು ಹಿಗ್ಗುವುದಿಲ್ಲ. ಆಚೆ ತಗ್ಗಿಗೆ ಇಳಿಸಿದರೆ ಮಾತ್ರ ಈಚೆ ಸಡಿಲ ಸಿಗುತ್ತದೆ. ನನ್ನ ಕೈಲಿದ್ದ ಲಿವರು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಟಪ್ ಅಂತ ಕೂತುಕೊಂಡಿತು.

ಎಷ್ಟು ವೀಡಿಯೋ ನೋಡಿದ್ದೆ! ಎಲ್ಲದರಲ್ಲೂ ಇದನ್ನೇ ಹೇಳಿದ್ದರು. ಕಿವಿಗೆ ಬಿದ್ದಿತ್ತು, ಮೈಗೆ ಬಂದಿರಲಿಲ್ಲ.

ಅಪ್ಪನ ಲಿವರುಗಳನ್ನೂ ತಗೊಂಡು ಹೋಗಿದ್ದೆ. ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿಸಿ ಮಾಡಿಸಿದ್ದು. ಅಪ್ಪನ ಯೆಜ್ಡಿ ಬೈಕಿನ ಪಕ್ಕದ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿದ್ದವು. ಅದನ್ನು ಮಾಡುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಪ್ಪ ಏಳೆಂಟು ವರ್ಷ ಆ ಗಾಡಿ ಓಡಿಸಿದರು. ಮೇಗರವಳ್ಳಿ ದಾಟಿದ ಮೇಲೆ ಕಾಡಿನ ನಡುವೆ ಪಂಕ್ಚರ್ ಆದರೆ ಯಾರನ್ನು ಕೇಳುವುದು? ಅಪ್ಪ ಮನೆಯಲ್ಲೇ ಕಲಿತಿದ್ದು ಅದಕ್ಕೆ. ಅಂಗಡಿಯೋ ಮನೆಯೋ ಅನ್ನುವ ಪ್ರಶ್ನೆಯೇ ಅವರಿಗೆ ಇರಲಿಲ್ಲ.

ಕಾಕಾ ಅವುಗಳ ತುದಿಯ ಮೇಲೂ ಹೆಬ್ಬೆರಳು ಆಡಿಸಿದರು. "ಒಳ್ಳೇ ಕಬ್ಬಿಣ. ಆದರೆ ಅಂಚು ಕತ್ತಿ ಆಗಿದೆ. ಉಜ್ಜಿ ನುಣ್ಣಗೆ ಮಾಡಿಕೊಳ್ಳಿ. ಬಿಸಾಕಬೇಡಿ."

ಟ್ಯೂಬಿಗೆ 280, ಕೈಕೂಲಿ 150. ಒಂದು ರೂಪಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಆ ಹೆಬ್ಬೆರಳಿಗೆ ನೂರೈವತ್ತು ಕಡಿಮೆಯೇ ಆಯಿತು.

ಮನೆಗೆ ಬಂದು ಗಾಲಿ ಹಾಕುವಾಗ ಮಗಳು ಟಾರ್ಚ್ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಕತ್ತಲಾಗಿತ್ತು, ಕರೆಂಟೂ ಹೋಗಿತ್ತು. ಬಾಣದ ಗುರುತು ತೋರಿಸಿದೆ. "ಮುಂದಕ್ಕಿದೆ ಅಪ್ಪ" ಅಂದಳು. ಅಜ್ಜಿ ಮನೆಗೆ ಹೋಗಲಿಲ್ಲ ಅಂತ ಬೇಜಾರು ಇತ್ತು, ತೋರಿಸಿಕೊಳ್ಳಲಿಲ್ಲ. ನಾಳೆ ಬಸ್ಸಿಗೆ ಕಳಿಸುತ್ತೇನೆ ಅಂದೆ. "ಬೈಕಲ್ಲೇ ಹೋಗೋಣ" ಅಂದಳು. ಅವಳಿಗೆ ಭಯ ಇಲ್ಲ. ನನಗೆ ಇದೆ.

ಈಗ ಕೊಡೆ ಹಿಡಿದು ಹೋಗಿ ಹಿಂದಿನ ಟೈರ್ ಒತ್ತಿ ನೋಡಿ ಬಂದೆ, ಇದು ಮೂರನೇ ಸಲ. ಗಟ್ಟಿಯಾಗಿದೆ. ಬರುವಾಗ ಮುಂದಿನ ಟೈರಿನ ಮೇಲೂ ಟಾರ್ಚ್ ಬಿಟ್ಟೆ. ಪಕ್ಕದಲ್ಲಿ 1519 ಅಂತ ಇದೆ. 2019ರ 15ನೇ ವಾರ ತಯಾರಾಗಿದ್ದು, ಆರು ವರ್ಷ ಆಯಿತು. ಗ್ರಿಪ್ ಚೆನ್ನಾಗೇ ಇದೆ, ಆದರೆ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಕಾಣುತ್ತಿದೆ. ಮುಂದಿನದು ಸುಲಭ, ಚೈನೂ ಇಲ್ಲ ಸ್ಪ್ರಾಕೆಟ್ಟೂ ಇಲ್ಲ. ಮೊದಲು ಅಪ್ಪನ ಲಿವರು ಉಜ್ಜಬೇಕು, ಅರ ಕಾಕಾ ಹತ್ತಿರವೇ ಕೇಳಿ ತರಬೇಕು, ಆಮೇಲೆ ಮುಂದಿನ ಭಾನುವಾರ ಮಳೆ ಸ್ವಲ್ಪ ಬಿಟ್ಟರೆ ಅದನ್ನೂ ಬದಲಾಯಿಸಬೇಕು.