ನಿಮ್ ಕೂದ್ಲೇ ಹಂಗೆ ಮೇಡಂ

ಪಾರ್ಲರ್‌ಗೆ ಹೋಗಿ ಕುರ್ಚಿ ಮೇಲೆ ಕೂತ್ಕೊಂಡ ತಕ್ಷಣ ಕೇಳೋ ಮೊದಲ್ನೇ ಪ್ರಶ್ನೆ ಯಾವ್ದು ಗೊತ್ತಾ, "ಲಾಸ್ಟ್ ಟೈಮ್ ಎಲ್ಲಿ ಕಟ್ ಮಾಡ್ಸಿದ್ರಿ ಮೇಡಂ?" ಅಂತ. ಆ ಕೇಳೋ ಧಾಟಿಲೇ ಗೊತ್ತಾಗುತ್ತೆ, ಹಿಂದೆ ಯಾರೋ ನನ್ನ ತಲೆ ಹಾಳು ಮಾಡಿ ಕಳ್ಸಿದಾರೆ, ಈಗ ಇವ್ರು ಉದ್ಧಾರ ಮಾಡ್ಬೇಕು ಅನ್ನೋ ಥರ. ಮಜಾ ಏನಂದ್ರೆ ಒಂದೊಂದ್ಸಲ ಅದೇ ಪಾರ್ಲರ್‌ನಲ್ಲೇ, ಅದೇ ಕುರ್ಚಿಲೇ ಮಾಡ್ಸಿರ್ತೀನಿ. ಹಂಗಂತ ಹೇಳಿದ್ರೆ ಒಂದ್ ನಿಮಿಷ ಸುಮ್ನಾಗ್ಬಿಟ್ಟು, ಕೂದ್ಲು ಹಿಡ್ಕೊಂಡು ಹಿಂಗೆ ಹಂಗೆ ತಿರುವಿ ನೋಡಿ, "ಹಾಂ, ನಿಮ್ ಕೂದ್ಲೇ ಹಂಗೆ ಮೇಡಂ, ತುಂಬಾ ಡ್ರೈ, ತುಂಬಾ ಫ್ರಿಝಿ" ಅಂತಾರೆ.

ಇದು ಕೂದ್ಲಿಗೆ ಮಾತ್ರ ಆಗಿದ್ರೆ ಇಷ್ಟುದ್ದ ಬರೀತಾ ಕೂರ್ತಿರ್ಲಿಲ್ಲ. ಬಟ್ಟೆ ಅಂಗಡಿಲಿ ಕುರ್ತಾ ರಟ್ಟೆ ಹತ್ರ ಹಿಡ್ಕೊಂಡ್ರೆ ನನ್ನ ರಟ್ಟೆ ದಪ್ಪ, ಚಪ್ಪಲಿ ಅಂಗಡಿಲಿ ಬೆರಳು ಅಮುಕಿದ್ರೆ ನನ್ನ ಪಾದ ಅಗಲ, ಟೈಲರ್ ಹೊಲಿದ ಬ್ಲೌಸಿಗೆ ಹುಕ್ ಹಾಕಕ್ಕಾಗ್ಲಿಲ್ಲ ಅಂದ್ರೆ ನಾನೇ ಈ ಮಧ್ಯೆ ದಪ್ಪ ಆಗಿದೀನಿ. ದುಡ್ಡು ಕೊಡೋಳೂ ನಾನೇ, ತಪ್ಪೂ ನಂದೇ. ಇಷ್ಟು ವರ್ಷದಲ್ಲಿ ಒಬ್ರಾದ್ರೂ "ಮೇಡಂ, ಇದನ್ನ ಮಾಡ್ದೋರು ಸರಿಯಾಗಿ ಮಾಡಿಲ್ಲ" ಅಂದಿದ್ದು ನಾನಂತೂ ಕೇಳಿಲ್ಲ.

ಕೂದ್ಲಿಂದಾನೇ ಶುರು ಮಾಡೋಣ. ನಂದು ಗುಂಗುರು ಕೂದ್ಲು, ತೀರಾ ಸುರುಳಿ ಸುರುಳಿ ಅಲ್ಲ, ಮಧ್ಯದ್ದು. ಗುಂಗುರು ಕೂದ್ಲು ಒದ್ದೆ ಇದ್ದಾಗ ಉದ್ದ ಕಾಣುತ್ತೆ, ಒಣಗಿದ್ ಮೇಲೆ ಮೇಲಕ್ಕೆ ಏರುತ್ತೆ, ಅದೂ ಎಲ್ಲಾ ಕಡೆ ಒಂದೇ ಸಮ ಏರಲ್ಲ, ಕಿವಿ ಹತ್ರ ಒಂಥರಾ ಹಿಂದುಗಡೆ ಒಂಥರಾ. ಇದು ಗುಂಗುರು ಕೂದ್ಲಿರೋ ಪ್ರತಿಯೊಬ್ಬರಿಗೂ ಗೊತ್ತಿರೋ ವಿಷ್ಯ, ಕತ್ತರಿ ಹಿಡಿದಿರೋರಿಗೆ ಮಾತ್ರ ಗೊತ್ತಿಲ್ಲ. ಅವ್ರು ಮಾಡೋದೇನು, ಸ್ಪ್ರೇ ಬಾಟ್ಲಿಲಿ ಚೆನ್ನಾಗಿ ನೀರು ಹೊಡೆದು, ಬಾಚಿ ಬಾಚಿ ನೆಟ್ಟಗೆ ಮಾಡಿ, ಕ್ಲಿಪ್ ಹಾಕಿ ಹಾಕಿ ನೀಟಾಗಿ ಒಂದ್ ಲೈನಲ್ಲಿ ಕತ್ತರಿಸ್ತಾರೆ. ನಾನು ಬೆರಳಲ್ಲಿ ತೋರ್ಸಿರ್ತೀನಿ, ಇಷ್ಟೇ ಇಷ್ಟು, ತುದಿ ಮಾತ್ರ, ಸ್ಪ್ಲಿಟ್ ಎಂಡ್ಸ್ ಹೋದ್ರೆ ಸಾಕು ಅಂತ. ನನ್ನ ಬೆರಳಿನ ಒಂದಿಂಚು ಅವರ ಕತ್ತರಿಗೆ ಬರೋ ಹೊತ್ತಿಗೆ ನಾಲ್ಕು ಬೆರಳಗಲ ಆಗಿರುತ್ತೆ. ಕೂದ್ಲು ತಿಂಗಳಿಗೆ ಬೆಳೆಯೋದೇ ಹೆಚ್ಚುಕಮ್ಮಿ ಅರ್ಧ ಇಂಚು, ಆ ಲೆಕ್ಕದಲ್ಲಿ ಐದು ನಿಮಿಷದಲ್ಲಿ ನೆಲಕ್ಕೆ ಬಿದ್ದಿದ್ದು ವಾಪಸ್ ಬರಕ್ಕೆ ಅರ್ಧ ವರ್ಷ.

ಆಮೇಲೆ ಬ್ಲೋ ಡ್ರೈ ಬೇರೆ. ಬೇಡ ಅಂದ್ರೂ ಮಾಡ್ತಾರೆ. ದೊಡ್ಡ ರೌಂಡ್ ಬ್ರಷ್ ಹಾಕಿ ಎಳೆದೂ ಎಳೆದೂ ಆ ಗಾಳಿಲಿ ತಲೆ ಸುಟ್ಟು, ಕೂದ್ಲು ರೇಷ್ಮೆ ಥರ ಕೆಳಕ್ಕೆ ಬಿದ್ದಿರುತ್ತೆ, ಹಿಂದ್ಗಡೆ ಸಣ್ಣ ಕನ್ನಡಿ ಹಿಡಿದು "ಓಕೆನಾ ಮೇಡಂ?" ಅಂತಾರೆ. ಆ ಕನ್ನಡಿಗೆ ಏನಂತ ಉತ್ರ ಕೊಡ್ಬೇಕೋ ನಂಗೆ ಇವತ್ತಿಗೂ ಗೊತ್ತಿಲ್ಲ, ಓಕೆ ಅಲ್ಲ ಅಂದ್ರೆ ನೆಲದ ಮೇಲಿರೋದನ್ನ ತೆಗೆದು ಅಂಟಿಸ್ತಾರಾ? ಹೂಂ ಅಂತ ತಲೆ ಆಡ್ಸಿ ದುಡ್ಡು ಕೊಟ್ಟು ಬರೋದು. ನಿಜವಾದ ಕಟ್ ಹೆಂಗಿದೆ ಅಂತ ಗೊತ್ತಾಗೋದು ಮನೇಲಿ ತಲೆಗೆ ಸ್ನಾನ ಮಾಡಿದ್ ದಿನ. ಒಂದ್ಕಡೆ ಉದ್ದ, ಒಂದ್ಕಡೆ ಗಿಡ್ಡ, ಮೇಕೆ ಮೇಯ್ದು ಬಿಟ್ಟ ಬೇಲಿ ಥರ.

ಅದಕ್ಕೆ ಅವರ ಹತ್ರ ಪರಿಹಾರನೂ ರೆಡಿ ಇರುತ್ತೆ, ಸ್ಮೂತ್ನಿಂಗ್ ಮಾಡಿಸ್ಕೊಳ್ಳಿ ಮೇಡಂ, ಇಲ್ಲಾಂದ್ರೆ ಕೆರಾಟಿನ್, ಈಗ ಆಫರ್ ಇದೆ. ಅಂದ್ರೆ ಕತ್ತರಿಸೋದನ್ನ ಇವ್ರು ಕಲಿಯೋ ಬದ್ಲು ನನ್ನ ಕೂದ್ಲೇ ಸ್ವಭಾವ ಬದಲಾಯ್ಸ್ಕೋಬೇಕು, ಅದೂ ಸಾವಿರಾರು ರೂಪಾಯಿ ಕೊಟ್ಟು, ಅಷ್ಟು ಮಾಡಿದ್ರೂ ಬುಡದಿಂದ ಹೊಸದಾಗಿ ಬರೋದು ಮತ್ತೆ ಗುಂಗುರೇ. ಆ ಕ್ರೀಮುಗಳಲ್ಲಿ ಕೆಲವದ್ರಲ್ಲಿ ಬಿಸಿ ತಾಗಿದ್ರೆ ಫಾರ್ಮಲ್ಡಿಹೈಡ್ ಅನ್ನೋ ಘಾಟು ಗ್ಯಾಸ್ ಬಿಡೋ ಕೆಮಿಕಲ್ ಇರುತ್ತೆ, ಪಕ್ಕದ ಕುರ್ಚಿಲಿ ಯಾರಿಗೋ ಮಾಡ್ತಿದ್ರೆ ನಮ್ ಕಣ್ಣೂ ಉರಿಯೋದು ಅದಕ್ಕೇನೇ. ದಿನಾ ಅದ್ರಲ್ಲೇ ನಿಂತು ಕೆಲಸ ಮಾಡೋ ಆ ಹುಡುಗೀರ ಪಾಡು ಇನ್ನೂ ಕಷ್ಟ, ಅದ್ರ ಬಗ್ಗೆ ಯಾರೂ ಮಾತಾಡಲ್ಲ.

ರೇಟಿನ ವಿಷ್ಯಕ್ಕೆ ಬಂದ್ರೆ, ಯೂನಿಸೆಕ್ಸ್ ಅಂತ ಬೋರ್ಡ್ ಹಾಕಿರ್ತಾರೆ, ಒಳಗೆ ಹೋದ್ರೆ ಜೆಂಟ್ಸ್‌ಗೊಂದು ರೇಟು ಲೇಡೀಸ್‌ಗೊಂದು ರೇಟು. ಉದ್ದ ಕೂದ್ಲಿಗೆ ಟೈಮ್ ಜಾಸ್ತಿ ಹಿಡಿಯುತ್ತೆ, ಸರಿ, ಒಪ್ಕೋತೀನಿ. ನನ್ನ ಫ್ರೆಂಡ್ ಒಬ್ಳು ಬಾಯ್ ಕಟ್ ಮಾಡ್ಸ್ಕೋತಾಳೆ, ಅವಳ ಗಂಡನ ಕೂದ್ಲು ಅವಳಿಗಿಂತ ಉದ್ದ ಇದೆ, ಆದ್ರೂ ಬಿಲ್ ಅವಳದ್ದೇ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಜಿಎಸ್‌ಟಿ 18 ಪರ್ಸೆಂಟ್‌ನಿಂದ 5ಕ್ಕೆ ಇಳೀತು ಅಂತ ಖುಷಿಯಾಗಿ ಹೋದ್ರೆ ಕೊನೇಲಿ ಕೊಟ್ಟಿದ್ದು ಹೆಚ್ಚುಕಮ್ಮಿ ಅಷ್ಟೇ. ಕೇಳಿದ್ರೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ ಮೇಡಂ ಈಗ, ಬೇಸಿಕ್ ರೇಟ್ ಸ್ವಲ್ಪ ಜಾಸ್ತಿ ಮಾಡಿದೀವಿ ಅಂದ್ರು. ಅದೂ ಸುಳ್ಳಲ್ಲ, 5 ಪರ್ಸೆಂಟ್ ಹಾಕಿದ್ರೆ ಅವರು ಕೊಂಡ ಶಾಂಪೂ ಸಾಮಾನಿನ ಮೇಲಿನ ಟ್ಯಾಕ್ಸ್ ವಾಪಸ್ ತಗೊಳ್ಳೋ ಹಂಗಿಲ್ಲ. ಆದ್ರೂ ಹೊಟ್ಟೆ ಉರಿಯುತ್ತಪ್ಪ.

ಇನ್ನು ಯಾವ ದಿನ ಹೋಗೋದು ಅನ್ನೋದೇ ಇನ್ನೊಂದು ರಾಮಾಯಣ. ಮಂಗಳವಾರ ಶುಕ್ರವಾರ ಕತ್ತರಿ ಮುಟ್ಟಿಸಂಗಿಲ್ಲ, ಅಮಾವಾಸ್ಯೆ ಬೇಡ, ಹುಟ್ಟಿದ ವಾರ ಬೇಡ, ಸಂಜೆ ದೀಪ ಹಚ್ಚಿದ್ ಮೇಲೆ ಬೇಡವೇ ಬೇಡ. ಅಮ್ಮನ ಲಿಸ್ಟ್ ಎಲ್ಲಾ ತೆಗೆದ್ ಹಾಕಿ, ಆಫೀಸು ಇರೋ ದಿನಗಳನ್ನೂ ತೆಗೆದ್ರೆ ಉಳಿಯೋದು ಭಾನುವಾರ ಬೆಳಿಗ್ಗೆ, ಆಗ ಇಡೀ ಏರಿಯಾನೇ ಅಲ್ಲಿರುತ್ತೆ.

ಬಟ್ಟೆ ಕಥೆ. ನಾನು ಐದಡಿ ಚಿಲ್ರೆ. ಒಂದು ಬ್ರ್ಯಾಂಡಲ್ಲಿ ಎಂ, ಇನ್ನೊಂದ್ರಲ್ಲಿ ಎಕ್ಸ್‌ಎಲ್, ಆನ್‌ಲೈನಲ್ಲಿ ನೋಡಿದ್ರೆ 40 ಅಂತ ಬರೆದಿರ್ತಾರೆ, ಅದು ನನ್ನ ಮೈ ಅಳತೆನೋ ಬಟ್ಟೆ ಅಳತೆನೋ ದೇವ್ರಿಗೇ ಗೊತ್ತು. ಎರಡಕ್ಕೂ ಎರಡ್ಮೂರು ಇಂಚು ವ್ಯತ್ಯಾಸ ಇರುತ್ತೆ, ಆ ಎರಡ್ಮೂರು ಇಂಚಲ್ಲೇ ತಾನೇ ಉಸಿರಾಡೋದು. ಪ್ಯಾಂಟ್ ಸೊಂಟಕ್ಕೆ ಸರಿ ಇದ್ರೆ ಉದ್ದ ನೆಲ ಗುಡಿಸುತ್ತೆ, ಪಲಾಝೋ ಅಂತೂ ಕೇಳೋದೇ ಬೇಡ, ಅರ್ಧ ಅಡಿ ಕತ್ತರಿಸಿ ಹೊಲಿಸಿದ್ ಮೇಲೆ ಅದು ಪಲಾಝೋನೇ ಆಗಿರಲ್ಲ. ಕುರ್ತಾ ಭುಜಕ್ಕೆ ಸರಿ ಇದ್ರೆ ರಟ್ಟೆ ಹತ್ರ ಟೈಟು, ರಟ್ಟೆಗೆ ಸರಿ ಇರೋದು ತಗೊಂಡ್ರೆ ಭುಜ ಜಾರಿ ಮೊಣಕೈ ಹತ್ರ ಬರುತ್ತೆ. ಚೆನ್ನಾಗಿರೋ ಕುರ್ತಾ ಕೈಗೆ ಸಿಕ್ತು ಅಂದ್ರೆ ಅದು ಸ್ಲೀವ್‌ಲೆಸ್ ಆಗಿರುತ್ತೆ, "ಒಳಗಡೆ ಸ್ಲೀವ್ ಪೀಸ್ ಇದೆ ಮೇಡಂ, ಹಾಕಿಸ್ಕೊಳ್ಳಿ" ಅಂತಾರೆ. ಬಿಚ್ಚಿ ನೋಡಿದ್ರೆ ಬದಿ ಹೊಲಿಗೆ ಒಳಗೆ ಪಿನ್ ಹಾಕಿರೋ ಎರಡು ಚೂರು ಬಟ್ಟೆ, ಕೈ ಅಳತೆದೇ, ಆದ್ರೆ ಅದು ಯಾರ ಕೈ ಅಂತ ಗೊತ್ತಿಲ್ಲ, ನನ್ನ ಹೈಸ್ಕೂಲ್ ಮಗಳಿಗೂ ಏರಲ್ಲ.

ಟ್ರಯಲ್ ರೂಮು, ಮೂರೇ ಪೀಸ್ ಒಳಗೆ ಬಿಡೋದು, ಒಂದೇ ಹುಕ್ಕು, ಅದಕ್ಕೆ ಬ್ಯಾಗ್ ಹಾಕ್ಬೇಕೋ ದುಪಟ್ಟಾ ಹಾಕ್ಬೇಕೋ, ಪರದೆ ಈ ಕಡೆ ಎಳೆದ್ರೆ ಆ ಕಡೆ ಸಂದಿ. ಚಿಕ್ಕಪೇಟೆ ಗಲ್ಲಿಗಳಲ್ಲಿ ಎಷ್ಟೋ ಕಡೆ ಅದೂ ಇಲ್ಲ, ಹಾಕಿರೋ ಬಟ್ಟೆ ಮೇಲೇ ಹಿಡ್ಕೊಂಡು ನೋಡೋದು, ಗೋಡೆ ಮೇಲೆ ನೋ ಎಕ್ಸ್‌ಚೇಂಜ್ ನೋ ರಿಟರ್ನ್. ಹಂಗಿದ್ರೂ ನಂಗೆ ಚಿಕ್ಕಪೇಟೆನೇ ವಾಸಿ ಅನ್ಸುತ್ತೆ, ಅಲ್ಲಿ ಅಂಗಡಿಯೋರು ಕಣ್ಣಲ್ಲೇ ಅಳತೆ ತೆಗೆದು "ಅಕ್ಕಾ ಇದು ನಿಮ್ಗಾಗಲ್ಲ" ಅಂತ ನೇರ ಹೇಳಿ ಇನ್ನೊಂದು ತೆಗೀತಾರೆ, ಸುಮ್ನೆ ಟೈಮ್ ವೇಸ್ಟ್ ಮಾಡ್ಸಲ್ಲ.

ಈ ಸೈಜ್ ಗೊಂದಲಕ್ಕೆ ಒಂದು ಕಾರಣನೂ ಇದೆ. ನಮ್ಮ ದೇಶದೋರ ಮೈ ಅಳತೆ ಇಟ್ಕೊಂಡು ಮಾಡಿದ ಸೈಜ್ ಚಾರ್ಟೇ ನಮಗಿರ್ಲಿಲ್ಲ, ಯುಎಸ್ ಯುಕೆ ಚಾರ್ಟ್‌ನೇ ಒಬ್ಬೊಬ್ರು ಒಂದೊಂದ್ ಥರ ತಿದ್ಕೊಂಡು ಹೊಲೀತಿದಾರೆ. ಅದಕ್ಕೇ ಜವಳಿ ಸಚಿವಾಲಯ ಮತ್ತು ನಿಫ್ಟ್, ಅಂದ್ರೆ ಸರ್ಕಾರದ ಫ್ಯಾಷನ್ ಕಾಲೇಜು, ಸೇರ್ಕೊಂಡು ಇಂಡಿಯಾಸೈಜ್ ಅಂತ ಪ್ರಾಜೆಕ್ಟ್ ತಗೊಂಡ್ರು, 15ರಿಂದ 65 ವರ್ಷದ 25,000 ಜನರನ್ನ ತ್ರೀಡಿ ಸ್ಕ್ಯಾನರ್‌ನಲ್ಲಿ ನಿಲ್ಲಿಸಿ ಅಳೆಯೋ ಯೋಜನೆ. ಒಳ್ಳೇದೇ. ಅಂಗಡಿ ಹ್ಯಾಂಗರ್‌ವರೆಗೂ ಅದು ಬರ್ಲಿ ಅಂತ ಕಾಯ್ತಿದೀನಿ.

ಜೇಬಿನ ಬಗ್ಗೆ ಜಾಸ್ತಿ ಹೇಳಲ್ಲ, ಹೇಳಕ್ಕೆ ಜೇಬೇ ಇಲ್ಲ. ಇದ್ರೂ ಮೇಲೆ ಹೊಲಿಗೆ ಹಾಕಿರೋ ಸುಳ್ಳು ಜೇಬು. ಅಮೆರಿಕದ ದಿ ಪುಡ್ಡಿಂಗ್ ಅನ್ನೋ ವೆಬ್‌ಸೈಟಿನೋರು 2018ರಲ್ಲಿ 20 ಬ್ರ್ಯಾಂಡ್ ಜೀನ್ಸ್ ತಗೊಂಡು ಟೇಪ್ ಹಿಡಿದು ಅಳೆದ್ರಂತೆ, ಹೆಂಗಸರ ಜೀನ್ಸ್ ಮುಂದಿನ ಜೇಬು ಗಂಡಸರದ್ದಕ್ಕಿಂತ ಸರಾಸರಿ 48 ಪರ್ಸೆಂಟ್ ಗಿಡ್ಡ ಬಂತು. ಸುಮಾರು ಅರ್ಧ! ಹೋಗ್ಲಿ ಅಲ್ಲಾದ್ರೂ ಅರ್ಧ ಇದೆ.

ಇನ್ನು ಚಪ್ಪಲಿ. ಇದು ನಂಗೆ ನಿಜವಾಗ್ಲೂ ಸಿಟ್ಟು ಬರೋ ಜಾಗ. ಹಳೇ ಕಾಲದ ಅಂಗಡಿಗಳಲ್ಲಿ ನೋಡಿರ್ತೀರಾ, ಮೇಲೆ ಅಟ್ಟದಲ್ಲೊಬ್ಬ ಹುಡುಗ ಇರ್ತಾನೆ, ಕೆಳಗಿನೋನು ನಂಬರ್ ಕೂಗಿದ್ರೆ ತೂತಿಂದ ಡಬ್ಬಿ ಎಸೀತಾನೆ, ಇವ್ನು ನೋಡದೇನೇ ಕ್ಯಾಚ್ ಹಿಡೀತಾನೆ, ಅದೊಂದು ನೋಡಕ್ಕೆ ಚೆಂದ. ಡಬ್ಬಿ ತೆಗೆದ್ರೆ 6 ನಂಬರ್, ಉದ್ದಕ್ಕೆ ಸರಿ, ಮುಂದುಗಡೆ ಕಿರುಬೆರಳು ಮಡಚ್ಕೊಂಡು ಪಕ್ಕದ ಬೆರಳ ಕೆಳಗೆ ಸೇರ್ಕೊಂಡಿರುತ್ತೆ. 7 ಕೊಡಪ್ಪಾ ಅಂದ್ರೆ ಅಗಲಕ್ಕೆ ಪರ್ವಾಗಿಲ್ಲ, ಹಿಮ್ಮಡಿ ಹಿಂದೆ ಬೆರಳು ತೂರುವಷ್ಟು ಜಾಗ, ನಡೆದ್ರೆ ಟಪ್ ಟಪ್. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ, 6 ತಗೊಳ್ಳಿ." ಆಗಲ್ಲ, ಚಪ್ಪಲಿ ಲೂಸ್ ಆಗೋ ಹೊತ್ತಿಗೆ ಬೆರಳಿಗೆ ಆಣಿ ಬಂದಿರುತ್ತೆ. ಕೊನೆಗೆ ತಲೆ ಕೆರ್ಕೊಂಡು "ನಿಮ್ ಕಾಲು ಸ್ವಲ್ಪ ಅಗಲ ಮೇಡಂ, ಜೆಂಟ್ಸ್‌ದು ತೋರಿಸ್ಲಾ?" ಅಂತಾನೆ. ಪಾಪ ಅವನು ಒಳ್ಳೇ ಮನಸ್ಸಿಂದಾನೇ ಕೇಳೋದು.

ನನ್ನ ಕಾಲು ಅಗಲ ಅಂತ ನಾನೂ ನಂಬ್ಕೊಂಡೇ ಇದ್ದೆ, ಅಜ್ಜಿ ಕಾಲು ಬಂದಿದೆ ಅಂತ ಮನೇಲೂ ಅಂತಿದ್ರು. ಆಮೇಲೆ 2024ರಲ್ಲಿ ಪೇಪರಲ್ಲಿ ಬಂತು, ಚೆನ್ನೈನ ಸಿಎಲ್‌ಆರ್‌ಐ, ಅದೇ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ, 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಜಾಗಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದನ ತ್ರೀಡಿ ಸ್ಕ್ಯಾನ್ ಮಾಡಿದ್ರು, ನೋಡಿದ್ರೆ ಭಾರತೀಯರ ಪಾದಾನೇ ಯುರೋಪ್ ಅಮೆರಿಕದೋರ ಪಾದಕ್ಕಿಂತ ಅಗಲ ಅಂತ. ಅಗಲಕ್ಕೆ ಹೊಂದಲ್ಲ ಅಂತ ಜನ ಒಂದು ಸೈಜ್ ಉದ್ದದ್ದು ತಗೊಂಡು ಹಾಕ್ಕೊಂಡು ಓಡಾಡ್ತಾರೆ, ಹೀಲ್ಸ್ ಹಾಕೋ ಹೆಂಗಸರಿಗೆ ಅದರಿಂದ ನೋವು, ಪೆಟ್ಟು ಆಗುತ್ತೆ ಅಂತಾನೂ ಅದ್ರಲ್ಲಿತ್ತು. ಬ್ರಿಟಿಷರು ಹೋಗಿ ಎಷ್ಟು ಕಾಲ ಆಯ್ತು, ನಾವು ಇನ್ನೂ ಅವರ ನಂಬರ್‌ಗೇ ಕಾಲು ತೂರಿಸ್ತಾ ಇದೀವಿ! ಹೊಸ ಅಳತೆಗೆ ಭಾರತದ ಹೆಸರಲ್ಲಿ "ಭಾ" ಅಂತ ಹೆಸರಿಟ್ಟಿದಾರೆ, 2025ಕ್ಕೆ ತರೋ ಮಾತಿತ್ತು, ನಾನು ಹೋಗೋ ಅಂಗಡಿಗಳಲ್ಲಿ ಮಾತ್ರ ಅದೇ 6, ಅದೇ 7, ಅದೇ 39, 40. ಅವತ್ತಿಂದ ಯಾರಾದ್ರೂ ನಿಮ್ ಕಾಲು ಅಗಲ ಅಂದ್ರೆ, ಅಲ್ಲಪ್ಪ, ನಿಮ್ ಚಪ್ಪಲಿ ಇಕ್ಕಟ್ಟು ಅಂತ ಮುಖಕ್ಕೇ ಹೇಳ್ತೀನಿ. ಒಂದು ಮಾತು, ಚಪ್ಪಲಿ ತಗೊಳ್ಳೋದಿದ್ರೆ ಸಂಜೆ ಹೋಗಿ, ದಿನವೆಲ್ಲಾ ಓಡಾಡಿ ಕಾಲು ಸ್ವಲ್ಪ ಊದ್ಕೊಂಡಿರುತ್ತೆ, ಆಗ ಆಗಿದ್ದು ಯಾವಾಗ್ಲೂ ಆಗುತ್ತೆ. ಎರಡೂ ಕಾಲಿಗೆ ಹಾಕಿ ನೋಡಿ, ಒಂದೇ ಕಾಲಿಗೆ ಅಲ್ಲ.

ಇಷ್ಟೆಲ್ಲಾ ಕೇಳಿದೋರು, ಅಯ್ಯೋ ಅದಕ್ಯಾಕೆ ಒದ್ದಾಡ್ತೀಯ, ಸೀರೆ ಉಟ್ಕೋ, ಸೀರೆಗೆ ಸೈಜೇ ಇಲ್ಲ ಅಂತಾರೆ. ಸೀರೆಗಿಲ್ಲ ಕಣ್ರೀ, ಬ್ಲೌಸಿಗಿದೆ! ಸೀರೆ ಜೊತೆ ಬರೋ ಬ್ಲೌಸ್ ಪೀಸು ಸಾಮಾನ್ಯವಾಗಿ 80 ಸೆಂಟಿಮೀಟರ್, ಮೊಣಕೈವರೆಗೆ ತೋಳು ಬೇಕು ಅಂದ್ರೆ "ಬಟ್ಟೆ ಸಾಲಲ್ಲ ಮೇಡಂ, ಬಾರ್ಡರ್ ಬೇರೆ ತೋಳಿಗೆ ಬರ್ಬೇಕಲ್ಲ" ಅಂತ ಟೈಲರ್ ನನ್ನ ರಟ್ಟೆ ಕಡೆ ನೋಡ್ತಾರೆ. ಅಳತೆಗೆ ಅಂತ ಸರಿಯಾಗಿ ಕೂರೋ ಹಳೇ ಬ್ಲೌಸ್ ಕೊಟ್ಟಿರ್ತೀವಿ, ಅದನ್ನ ನೋಡಿ ಹೊಲಿದ್ರೂ ಹೊಸದ್ರಲ್ಲಿ ಕಂಕುಳು ಹಿಡಿಯುತ್ತೆ, ಕುತ್ತಿಗೆ ಜಾರುತ್ತೆ, ಡಾರ್ಟ್ ಎಲ್ಲಿರ್ಬೇಕೋ ಅಲ್ಲಿರಲ್ಲ. ವಾಪಸ್ ತಗೊಂಡೋದ್ರೆ ಅದೇ ರಾಗ, "ಅಳತೆ ಬ್ಲೌಸ್ ಪ್ರಕಾರನೇ ಹೊಲಿದಿದೀವಿ, ನೀವೇ ಒಂಚೂರು..." ಅಂತ ಅರ್ಧಕ್ಕೇ ನಿಲ್ಲಿಸ್ತಾರೆ, ಉಳಿದರ್ಧ ನಾನೇ ತುಂಬ್ಕೋಬೇಕು. ಎರಡು ಬ್ಲೌಸನ್ನೂ ಕಟಿಂಗ್ ಟೇಬಲ್ ಮೇಲೆ ಒಂದ್ರ ಮೇಲೊಂದು ಹಾಸಿ ತೋರಿಸ್ದೆ, ಹೊಸದು ಎರಡೂ ಕಡೆ ಬೆರಳಗಲ ಒಳಗಿತ್ತು. ಆಗ "ಕಟಿಂಗ್ ಮಾಸ್ಟರ್ ಊರಿಗೆ ಹೋಗಿದ್ರು ಮೇಡಂ, ಹೊಸ ಹುಡುಗ ಮಾಡಿದಾನೆ, ಬಿಡಿ ಮಾರ್ಜಿನ್ ಬಿಚ್ಚಿ ಕೊಡ್ತೀನಿ" ಅಂದ್ರು. ಒಳಗೆ ಮಾರ್ಜಿನ್ ಬಿಟ್ಟಿದ್ರೆ ತಾನೇ ಬಿಚ್ಚೋದು.

ಬರೋ ವಾರ ಚಿಕ್ಕಪ್ಪನ ಮಗಳ ಮದುವೆ. ಸೀರೆಗೆ ಫಾಲು ಪೀಕೋ ಆಗಿದೆ, ಕುಚ್ಚು ಕಟ್ಸಿ ಆಗಿದೆ, ಬ್ಲೌಸ್ ಮಾತ್ರ ಟೈಲರ್ ಹತ್ರಾನೇ ಇದೆ, ಫೋನ್ ಮಾಡಿದ್ರೆ ಬಟನ್ ಹಾಕ್ತಾ ಇದಾರೆ ನಾಳೆ ಬನ್ನಿ ಅಂತಾರೆ, ಆ ಬ್ಲೌಸಿಗೆ ಬಟನ್ನೇ ಇಲ್ಲ, ಹುಕ್ಸು. ಬರ್ಲಿಲ್ಲ ಅಂದ್ರೆ ಬೀರುಲಿ ಆ ಗೋಲ್ಡ್ ಕಲರ್ ಸ್ಟ್ರೆಚೆಬಲ್ ಬ್ಲೌಸ್ ಇದೆ, ನಮ್ಮ ಮನೆ ಮೂರು ಮದುವೆ ಫೋಟೋಲೂ ನಾನು ಹಾಕ್ಕೊಂಡಿರೋದು ಅದನ್ನೇ.